ಸಂಜೆ ಆರೂವರೆ ಆದರೆ ಸಾಕು, ಹ್ಯಾಮ್ (ಹವ್ಯಾಸಿ) ರೇಡಿಯೋದ 40 ಮೀಟರಲ್ಲಿ ಬರೀ ಗುಂಯ್! ಬ್ಯಾಂಡ್ ಕೆಟ್ಟದ್ದಾ, ನಮ್ಮ ಊರು ಕೆಟ್ಟದ್ದಾ?

ಕಟಪಾಡಿ ಡೈಪೋಲ್:
ಮಳೆ ಬಿಟ್ಟ ಮೇಲೆ ಆಂಟೆನಾ ಇಳಿಸಿ, ತುಕ್ಕು ಹಿಡಿದ ಕನೆಕ್ಟರ್ ಎಲ್ಲ ಬದಲಾಯಿಸಿ ಮತ್ತೆ ತೆಂಗಿನ ಮರಕ್ಕೆ ಏರಿಸಿದ್ದೇನೆ. 40 ಮೀಟರಿನ (7 ಮೆಗಾಹರ್ಟ್ಸ್ ಬ್ಯಾಂಡಿನ) ಇನ್ವರ್ಟೆಡ್ ವೀ, ಅಂದರೆ ತಲೆಕೆಳಗಾದ ವಿ ಆಕಾರದ ತಂತಿ ಆಂಟೆನಾ, ಒಂದೊಂದು ಕಾಲು ಸುಮಾರು 10 ಮೀಟರ್. ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಅನ್ನುವ ಅಳತೆ, ಕಡಿಮೆ ಇದ್ದಷ್ಟು ಒಳ್ಳೆಯದು) ಒಂದೂವರೆಗಿಂತ ಕೆಳಗೆ. ಬೆಳಿಗ್ಗೆ ಬೆಂಗಳೂರು, ಮೈಸೂರು, ಕೊಚ್ಚಿ ಎಲ್ಲ ಸ್ವಚ್ಛವಾಗಿ ಕೇಳುತ್ತದೆ. ಸಂಜೆ ಆರೂವರೆ ಆದ ಕೂಡಲೇ ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್ 9ಕ್ಕೆ ಏರಿ ಅಲ್ಲೇ ಕೂತುಬಿಡುತ್ತದೆ. ಒಂದೇ ಸಮನೆ ಗುಂಯ್ ಗುಂಯ್. ಯಾರು ಕರೆದರೂ ಅದರ ಅಡಿಗೆ ಹೋಗುತ್ತಾರೆ.

ಇಲ್ಲಿ ಹಾಕಲು ಇನ್ನೊಂದು ಕಾರಣ ಉಂಟು. ಮೊನ್ನೆ ಕ್ಲಬ್ ಮೀಟಿಂಗಿನಲ್ಲಿ, ಸಂಜೆಯ ನೆಟ್‌ಗೆ (ರೇಡಿಯೋದಲ್ಲಿ ಎಲ್ಲ ಸೇರಿ ಮಾತಾಡುವ ಹೊತ್ತಿಗೆ) ಜನವೇ ಬರುವುದಿಲ್ಲ, ಎಲ್ಲರಿಗೂ ಗದ್ದಲ, ಆದ್ದರಿಂದ ನೆಟ್ ನಿಲ್ಲಿಸಿ ಫೋನ್ ಆಪ್‌ನಲ್ಲಿ ಸೇರೋಣ ಅಂತ ಮಾತು ಬಂತು. ಅರ್ಧಕ್ಕರ್ಧ ಜನ ತಲೆಯಾಡಿಸಿದರು. ನನಗೆ ಹೊಟ್ಟೆ ಉರಿಯಿತು. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡು, ಮರ ಹತ್ತುವವರ ಕೈಕಾಲು ಹಿಡಿದು ತಂತಿ ಕಟ್ಟಿಸಿ, ಕೊನೆಗೆ ವಾಟ್ಸಾಪಿನಲ್ಲಿ ಹಲೋ ಹಲೋ ಅನ್ನುವುದಾ?

ನಿಮ್ಮ ಕಡೆ ಸಂಜೆ ಹೇಗುಂಟು? ನಿಜಕ್ಕೂ ಬ್ಯಾಂಡೇ ಕೆಟ್ಟದ್ದಾ?

ಬೆಳ್ಮಣ್ಣು ಬ್ಯಾಟರಿ:
ಇಲ್ಲೂ ಅದೇ ಕತೆ ಮಾರಾಯ್ರೆ. ಆರೂವರೆಗೆ ರೇಡಿಯೋ ಆಫ್, ಧಾರಾವಾಹಿ ಆನ್.

ಸುರತ್ಕಲ್ ಸ್ಕಿಪ್:
ಸೂರ್ಯನದ್ದೇ ಕಿತಾಪತಿ. ಸೌರಚಕ್ರ 25 (ಸೂರ್ಯನ ಚಟುವಟಿಕೆಯ ಈಗಿನ ಏರಿಳಿತ) ತುದಿ ಮುಟ್ಟಿ ಆಯಿತು, ಇನ್ನು ಇಳಿಜಾರು. ಇಳಿಯುವ ಕಾಲದಲ್ಲೂ ಸೌರ ಬಿರುಗಾಳಿ ಬರುತ್ತಲೇ ಇರುತ್ತದೆ. ಮೊನ್ನೆ ಕೆ ಇಂಡೆಕ್ಸ್ (ಆ ಬಿರುಗಾಳಿಗೆ ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಿತು ಅನ್ನುವ ಸೂಚಿ) ನೋಡಿದೆ, ಕೆಂಪು ಬಣ್ಣದಲ್ಲಿತ್ತು. ಅದಕ್ಕೇ ಗದ್ದಲ.

ಹಳೇ ಕೀ:
ಸ್ಕಿಪ್ ಅವರೇ, ಕೆ ಇಂಡೆಕ್ಸ್ ಏರಿದರೆ ಗದ್ದಲ ಏರುವುದಿಲ್ಲ. ಸಿಗ್ನಲ್ ಬೀಳುತ್ತದೆ. 2024ರ ಮೇ 10ರ ಬಿರುಗಾಳಿ ನೆನಪಿದೆಯಲ್ಲ? ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೊ ಎಲ್ಲ ಪೇಪರಿನಲ್ಲೂ ಬಂದಿತ್ತು. ಆಗ ನನ್ನ ರೇಡಿಯೋದಲ್ಲಿ ಎಂತ ಗದ್ದಲವೂ ಇರಲಿಲ್ಲ. ಬ್ಯಾಂಡ್ ಖಾಲಿ. ಆಂಟೆನಾ ತಂತಿ ತುಂಡಾಯಿತೋ ಅಂತ ಹೊರಗೆ ಹೋಗಿ ಟಾರ್ಚ್ ಹಾಕಿ ನೋಡಿ ಬಂದೆ.

ಸಂಜೆ ಗದ್ದಲ ಸ್ವಲ್ಪ ಏರುವುದು ಸಹಜ. ಹಗಲು ಮೇಲಿನ ವಾತಾವರಣದ ಡಿ ಪದರ ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡುಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಇಲ್ಲವಾಗುತ್ತದೆ. ದೂರದ ಸ್ಟೇಷನ್ನಿನ ಜೊತೆ ದೂರದ ಗುಡುಗು ಸಿಡಿಲೂ ಬರುತ್ತದೆ. ಆದರೆ ಸಿಡಿಲಿನ ಸದ್ದು ಪಟ್, ಚರ್, ಮತ್ತೆ ಸ್ವಲ್ಪ ಬಿಡುವು. ಒಂದೇ ಸಮನೆ ಗುಂಯ್ ಅನ್ನುವುದು ಆಕಾಶದ್ದಲ್ಲ. ಅದು ಮನುಷ್ಯ ಮಾಡಿದ್ದು. ಕ್ಯೂಆರ್‌ಎನ್ (ಪ್ರಕೃತಿಯ ಗದ್ದಲ) ಅಲ್ಲ, ಕ್ಯೂಆರ್‌ಎಂ (ಮನುಷ್ಯನ ಗದ್ದಲ).

ಉಳ್ಳಾಲದಕ್ಕ:
ನನಗೆ ಸಂಜೆ 40 ಚೆನ್ನಾಗಿಯೇ ಉಂಟು. ಏಳು ಗಂಟೆ ಆದರೆ ಇಂಡೋನೇಷ್ಯಾದವರ ಜಾತ್ರೆ. ಒಬ್ಬರ ಮೇಲೊಬ್ಬರು. ಅವರ ಭಾಷೆ ಗೊತ್ತಿಲ್ಲದಿದ್ದರೂ ಊಟ ಆಯ್ತಾ ಅಂತ ಕೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಅಷ್ಟು ದೂರದಿಂದ ಬರುತ್ತದೆ ಅಂದ ಮೇಲೆ ಬ್ಯಾಂಡಿಗೆ ಎಂತ ಆಗಿದೆ?

ಸುರತ್ಕಲ್ ಸ್ಕಿಪ್:
ದೂರದ್ದು ಬರುತ್ತದೆ ಅಕ್ಕ, ಹತ್ತಿರದ್ದು ಹೋಗುತ್ತದೆ. ಕತ್ತಲಾದ ಮೇಲೆ ಸ್ಕಿಪ್, ಅಂದರೆ ಸಿಗ್ನಲ್ ಆಕಾಶಕ್ಕೆ ಹೋಗಿ ಮತ್ತೆ ನೆಲಕ್ಕೆ ಬೀಳುವ ದೂರ, ಉದ್ದ ಆಗುತ್ತದೆ. ಜಕಾರ್ತ ಕೇಳಿ ಏನು ಪ್ರಯೋಜನ, ಕಾರ್ಕಳ ಕೇಳಬೇಕಲ್ವಾ? ನೆಟ್ ಇರುವುದು ಕಾರ್ಕಳಕ್ಕೆ.

ಹಳೇ ಕೀ:
ಪುಸ್ತಕದಲ್ಲಿ ಹಾಗೇ ಬರೆದಿರುತ್ತದೆ. ಪುಸ್ತಕ ಬರೆದವರು ಅಮೆರಿಕದಲ್ಲಿ ಕೂತವರು. ನಾವು ಕೂತದ್ದು ಕಾಂತೀಯ ಸಮಭಾಜಕದ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರ ಇರುವ ಗೆರೆ) ಪಕ್ಕ. ಆ ಗೆರೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಹಾರಿಸಲು ಕೇರಳದ ತುಂಬಾ ಅನ್ನುವ ಊರನ್ನು ಆರಿಸಿದ್ದೇ ಆ ಕಾರಣಕ್ಕೆ. ಈ ಭಾಗದಲ್ಲಿ ಸಿಗ್ನಲನ್ನು ವಾಪಸು ಕಳಿಸುವ ಎಫ್ ಪದರ ಸೂರ್ಯ ಮುಳುಗಿದ ಕೂಡಲೇ ತೆಳುವಾಗುವುದಿಲ್ಲ. ಸೌರ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ರಾತ್ರಿ ಊಟದ ಹೊತ್ತಿನವರೆಗೂ ಗಟ್ಟಿಯಾಗಿರುತ್ತದೆ. ನೇರ ಮೇಲಕ್ಕೆ ಹೋದ 7 ಮೆಗಾಹರ್ಟ್ಸ್ ಸಿಗ್ನಲ್ ನೇರ ಕೆಳಗೆ ಬರುತ್ತದೆ, ಕಾರ್ಕಳವೂ ಕೇಳುತ್ತದೆ.

ಹತ್ತಿರದವರು ಕಾಣೆಯಾಗುವುದು ಬೆಳಗಿನ ಜಾವ ನಾಲ್ಕು ಐದು ಗಂಟೆಗೆ. ಆಗ ಪದರ ಅತಿ ತೆಳು. ಯಾರಾದರೂ ಎದ್ದು ನೋಡಿ. ನಾನು ದಿನಾ ಏಳುತ್ತೇನೆ, ವಯಸ್ಸಾಯಿತು, ನಿದ್ದೆ ಬರುವುದಿಲ್ಲ.

ಮಣಿಪಾಲ ಎಫ್‌ಟಿ8:
ಇಷ್ಟೆಲ್ಲ ತಲೆನೋವು ಯಾಕೆ ಸರ್? ಎಫ್‌ಟಿ8 ಹಾಕಿ, ಕಂಪ್ಯೂಟರೇ ಪುಟ್ಟ ಸಂದೇಶ ಕಳಿಸಿ ಓದುವ ಮೋಡ್. ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿದ್ದರೂ ಓದುತ್ತದೆ. ನಾನು ಹಾಸ್ಟೆಲ್ ಟೆರೇಸಿನ ತಂತಿಯಲ್ಲಿ 20 ವಾಟ್ ಇಟ್ಟುಕೊಂಡು 14.074 ಮೆಗಾಹರ್ಟ್ಸ್‌ನಲ್ಲಿ ಬ್ರೆಜಿಲ್ ಸಂಪರ್ಕ ಮಾಡಿದ್ದೇನೆ. ಹತ್ತು ಮೀಟರಲ್ಲಿ ಮಧ್ಯಾಹ್ನ ಮೇಲೆ ಯುರೋಪ್ ಸಾಲು ಸಾಲು.

ಬಜಪೆ ಬಗ್:
ನೀನು ಮಾಡಿದ್ದಲ್ಲ ತಮ್ಮಾ, ನಿನ್ನ ಲ್ಯಾಪ್‌ಟಾಪ್ ಮಾಡಿದ್ದು. ನೀನು ಆಗ ಮೆಸ್ಸಿನಲ್ಲಿ ಇದ್ದೆ.

ಮಣಿಪಾಲ ಎಫ್‌ಟಿ8:
ಸರ್, ಆ ಮೋಡ್ ಬರೆದವರಲ್ಲಿ ಒಬ್ಬರು ಜೋ ಟೇಲರ್. 1993ರ ಭೌತಶಾಸ್ತ್ರ ನೊಬೆಲ್. ಅವರ ಲೆಕ್ಕದಲ್ಲಿ ಅದು ರೇಡಿಯೋ ಆದರೆ ನನಗೂ ರೇಡಿಯೋ.

ಬಜಪೆ ಬಗ್:
ನೊಬೆಲ್ ಅವರಿಗೆ ಸಿಕ್ಕಿದ್ದು ಪಲ್ಸಾರ್ ಅನ್ನುವ ನಕ್ಷತ್ರದ ಸಂಶೋಧನೆಗೆ, ಎಫ್‌ಟಿ8ಗೆ ಅಲ್ಲ. 2017ರಲ್ಲಿ ಅದು ಬಂದಾಗಿನಿಂದ ಬ್ಯಾಂಡಿನಲ್ಲಿ ಮಾತಾಡುವವರೇ ಕಡಿಮೆಯಾದರು. 15 ಸೆಕೆಂಡು ಅವ, 15 ಸೆಕೆಂಡು ಇವ, ಹೆಸರಿಲ್ಲ, ಊರಿಲ್ಲ, ಕ್ಷೇಮ ಸಮಾಚಾರ ಇಲ್ಲ. ಬೆರಳಿನಲ್ಲಿ ಮೋರ್ಸ್ (ಚುಕ್ಕೆ ಗೆರೆಯ ಸಂಕೇತ) ಕಲಿ, ಅದೂ ಗದ್ದಲದಲ್ಲಿ ಕೇಳುತ್ತದೆ. ಜನರಲ್ ಗ್ರೇಡಿನ ಲೈಸೆನ್ಸಿಗೆ ನಿಮಿಷಕ್ಕೆ 8 ಪದ ಸಾಕು. ನಿನ್ನ ವಯಸ್ಸಿಗೆ ಅದೆಲ್ಲ ಒಂದು ಕೆಲಸವಾ?

ಉಳ್ಳಾಲದಕ್ಕ:
ಬಗ್ ಅವರೇ, ಹುಡುಗ ಬ್ಯಾಂಡಿಗೆ ಬಂದಿದ್ದಾನಲ್ಲ, ಬಿಡಿ. ನೀವು ಬೈದರೆ ಅವನೂ ರೀಲ್ಸ್ ನೋಡಲು ಹೋಗುತ್ತಾನೆ.

ಬಿಜೈ ಬಾಲನ್:
ಮೀಟಿಂಗಿನಲ್ಲಿ ಫೋನ್ ಆಪ್ ಮಾತು ಎತ್ತಿದ್ದು ನಾನು. ಇಲ್ಲೂ ಹೇಳಿಬಿಡುತ್ತೇನೆ, ಹಿಂದಿನಿಂದ ಬೈಸಿಕೊಳ್ಳುವುದು ಬೇಡ. ತೆಂಗಿನ ಮರ ಇರುವವರು ಮಾತಾಡುವುದು ಸುಲಭ. ನಾನು ಇರುವುದು ಫ್ಲ್ಯಾಟಿನಲ್ಲಿ, ಆರನೇ ಮಾಳಿಗೆ. ಅಸೋಸಿಯೇಷನ್ ಟೆರೇಸಿಗೆ ಬೀಗ ಹಾಕಿದೆ. ಬಾಲ್ಕನಿಯಲ್ಲಿ ತಂತಿ ಎಳೆದದ್ದಕ್ಕೆ ಕೆಳಗಿನ ಮನೆಯವರು, ನಿಮ್ಮ ರೇಡಿಯೇಷನ್ನಿನಿಂದ ನಮ್ಮ ತುಳಸಿ ಒಣಗುತ್ತಿದೆ ಅಂತ ಕಂಪ್ಲೇಂಟ್ ಕೊಟ್ಟರು. ಮಳೆಗಾಲ ಇಡೀ ನಾನು ರಿಪೀಟರ್ (ಸಣ್ಣ ಸೆಟ್ಟಿನ ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರ) ನಂಬಿ ಕೂತಿದ್ದೆ. ಅದೂ ಸಿಡಿಲಿಗೆ ಹೋಯಿತು. ಇನ್ನೂ ಎದ್ದಿಲ್ಲ. ನಾನು ಕ್ಲಬ್ಬಿನವರ ಜೊತೆ ಮಾತಾಡುವುದು ಯಾವುದರಲ್ಲಿ? ಊದುಶಂಖದಲ್ಲಾ?

ಪುತ್ತೂರು ಪವರ್ ಸಪ್ಲೈ:
ತುಳಸಿ 🤣 ನೀರು ಹಾಕಿಲ್ಲ ಅಂತ ಕಾಣುತ್ತದೆ.

ರಿಪೀಟರ್ ಸುದ್ದಿ ಕೇಳುವವರಿಗೆ: ಡುಪ್ಲೆಕ್ಸರ್‌ಗೆ ಏನೂ ಆಗಿಲ್ಲ, ಪವರ್ ಸಪ್ಲೈ ಮತ್ತು ಕಂಟ್ರೋಲರ್ ಬೋರ್ಡ್ ಸುಟ್ಟಿದೆ. ಪವರ್ ಸಪ್ಲೈ ನನ್ನ ಬೆಂಚಿನ ಮೇಲೆ ಉಂಟು. ಬೋರ್ಡಿನ ಒಂದು ಐಸಿ ಬರಬೇಕು. ಈ ಸಲ ಭೂಮಿಗೆ ಇಳಿಸುವ ತಾಮ್ರದ ಪಟ್ಟಿ ಸರಿಯಾಗಿ ಹಾಕದೆ ನಾನಂತೂ ಮೇಲೆ ಕೊಂಡೊಯ್ಯುವುದಿಲ್ಲ. ಪ್ರತಿ ಏಪ್ರಿಲ್ ಮೇ ತಿಂಗಳಲ್ಲಿ ಸಿಡಿಲು ಬರುತ್ತದೆ ಅಂತ ಗೊತ್ತಿದ್ದೂ ಪ್ರತಿ ಏಪ್ರಿಲ್ ಮೇ ತಿಂಗಳಲ್ಲಿ ನಾವು ಆಶ್ಚರ್ಯಪಡುತ್ತೇವೆ.

ಈಗ ಕಟಪಾಡಿಯವರಿಗೆ. ಮೊದಲು ಒಂದು ಕೆಲಸ ಮಾಡಿ. ಸಂಜೆ ಗುಂಯ್ ಶುರುವಾದ ಮೇಲೆ ರೇಡಿಯೋವನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ಅದೇ ಎದ್ದು ಕೂಗುತ್ತದೆ. ಗದ್ದಲ ಹೋದರೆ ಕಳ್ಳ ಮನೆಯ ಒಳಗೆ. ಹೋಗದಿದ್ದರೆ ಹೊರಗೆ.

ಕಟಪಾಡಿ ಡೈಪೋಲ್:
ಸಂಜೆ ಮನೆಯಲ್ಲಿ ಮೇನ್ ಇಳಿಸಿದರೆ ನನ್ನನ್ನೇ ಹೊರಗೆ ಹಾಕುತ್ತಾರೆ. ಆದರೂ ನೋಡುತ್ತೇನೆ.

ಮಲ್ಪೆ ಮಾರ್ಕೊನಿ:
ಗದ್ದಲದ ಮಾತು ಬಂದದ್ದಕ್ಕೆ ಕೇಳುತ್ತೇನೆ, 2 ಮೀಟರಿನ ಕತೆ ಏನು? ನಮ್ಮ ಆ ಬ್ಯಾಂಡಿನ 144ರಿಂದ 146 ಮೆಗಾಹರ್ಟ್ಸ್ ಒಳಗೆ ಬೋಟಿನವರು ತುಂಬಿದ್ದಾರೆ. ಎಷ್ಟು ಬೂತಾಯಿ ಸಿಕ್ಕಿತು, ಐಸ್ ಎಷ್ಟು ಉಳಿದಿದೆ, ಯಾರ ಬಲೆ ಹರಿಯಿತು, ಎಲ್ಲ ಅಲ್ಲೇ. ಜೂನ್ ಜುಲೈ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಬ್ಯಾಂಡ್ ಎಷ್ಟು ಶಾಂತ ಇತ್ತು! ಆಗಸ್ಟ್ ಒಂದಕ್ಕೆ ಬೋಟು ಇಳಿದವು, ನಮ್ಮ ಶಾಂತಿಯೂ ಇಳಿಯಿತು.

ಬಜಪೆ ಬಗ್:
ಕಂಪ್ಲೇಂಟ್ ಕೊಡಿ. ಮಂಗಳೂರಿನಲ್ಲೇ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಉಂಟಲ್ಲ.

ಮಲ್ಪೆ ಮಾರ್ಕೊನಿ:
ಕೊಡಬಹುದು. ಆದರೆ ನಮ್ಮ ಓಣಿಯಲ್ಲಿ ಅರ್ಧ ಜನ ಬೋಟಿನವರೇ. ಅವರಿಗೆ ಯಾರೋ ಅಗ್ಗದ ಚೀನಾ ಹ್ಯಾಂಡ್‌ಸೆಟ್ ಮಾರಿ, ಯಾವುದೋ ಫ್ರೀಕ್ವೆನ್ಸಿ ಹಾಕಿ ಕೊಟ್ಟಿದ್ದಾರೆ. ಹಡಗಿನ ಬ್ಯಾಂಡ್ ಬೇರೆ, ಅಪಾಯದ ಕರೆಗೆ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್ ಅಂತ ಅವರಿಗೆ ಹೇಳಿದವರೇ ಇಲ್ಲ. ನನಗೆ ಚಿಂತೆ ಅದು. ನಮ್ಮ ಬ್ಯಾಂಡಿನಲ್ಲಿ ಕೂಗಿದರೆ ಕೋಸ್ಟ್ ಗಾರ್ಡ್‌ನವರಿಗೆ ಹೇಗೆ ಕೇಳಬೇಕು? ಒಬ್ಬ ಸೋದರಳಿಯನಿಗೆ ಅವನ ಸೆಟ್ಟಿನ ಎದುರು ಕೂತು ವಿವರಿಸಿದೆ. ಕೇಳಿದ. ಮರುದಿನ ಮತ್ತೆ ಅಲ್ಲೇ ಇದ್ದ, ಯಾಕೆಂದರೆ ಅವನ ಜೊತೆಯವರೆಲ್ಲ ಅಲ್ಲೇ ಇದ್ದಾರೆ.

ಉಳ್ಳಾಲದಕ್ಕ:
ಬಂದರಿನಲ್ಲಿ ಒಂದು ಭಾನುವಾರ ಕ್ಲಬ್ಬಿನಿಂದ ಕೂತು ಮಾತಾಡೋಣ. ಕಂಪ್ಲೇಂಟಿಗಿಂತ ಅದು ಚೆನ್ನ. ತುಳುವಿನಲ್ಲಿ ಹೇಳುವವರು ಬೇಕು.

ಸುರತ್ಕಲ್ ಸ್ಕಿಪ್:
ಕಡಲು ಅಂದಾಗ ನೆನಪಾಯಿತು. ಯಾರಿಗಾದರೂ ಕಾರಿನ ಎಫ್‌ಎಂನಲ್ಲಿ ಅರಬಿ ಹಾಡು ಬಂದದ್ದುಂಟಾ? ಪಣಂಬೂರಿನ ಹತ್ತಿರ ಮಾರ್ಚ್ ತಿಂಗಳ ಒಂದು ರಾತ್ರಿ ನನಗೆ ಬಂತು. ಹೆಂಡತಿ ಪೆನ್ ಡ್ರೈವಿನಲ್ಲಿ ಇದನ್ನು ಯಾವಾಗ ಹಾಕಿದಿರಿ ಅಂತ ಕೇಳಿದಳು.

ಹಳೇ ಕೀ:
ಅದು ಡಕ್ಟಿಂಗ್. ಮಳೆಗಾಲಕ್ಕೆ ಮೊದಲು ಅರಬ್ಬೀ ಸಮುದ್ರದ ಮೇಲೆ ಒದ್ದೆ ತಂಪು ಗಾಳಿ ಕೆಳಗೆ, ಒಣ ಬಿಸಿ ಗಾಳಿ ಮೇಲೆ ಕೂರುತ್ತದೆ. ಆ ಎರಡರ ನಡುವಿನ ಗಡಿಯ ಕೆಳಗೆ ವಿಎಚ್‌ಎಫ್ (ಎಫ್‌ಎಂ ಇರುವ ಬ್ಯಾಂಡ್) ಸಿಗ್ನಲ್ ಸಿಕ್ಕಿಹಾಕಿಕೊಂಡರೆ ಕೊಳವೆಯಲ್ಲಿ ನೀರು ಹೋದ ಹಾಗೆ ಹೋಗುತ್ತದೆ. ಮಸ್ಕತ್ತಿಗೆ ಇಲ್ಲಿಂದ ಸುಮಾರು 2,100 ಕಿಲೋಮೀಟರ್, ಅಷ್ಟು ದೂರದಿಂದಲೂ ಬರುತ್ತದೆ. ಮಾನ್ಸೂನ್ ಗಾಳಿ ಎದ್ದ ಮೇಲೆ ಎಲ್ಲ ಕಲಸಿಹೋಗುತ್ತದೆ, ಡಕ್ಟ್ ಮುಗಿಯಿತು. ಈ ವಿಷಯದಲ್ಲಿ ಬೆಂಗಳೂರಿನವರು ನಮ್ಮನ್ನು ನೋಡಿ ಕರುಬಬೇಕು. ಅವರಿಗೆ ಕಡಲಿಲ್ಲ, ನಡುವೆ ಘಟ್ಟ.

ಬಜಪೆ ಬಗ್:
ಘಟ್ಟದ ಮೇಲಿನವರು ಕರುಬುವುದು ಮೀನಿಗೆ ಮಾತ್ರ.

ಮೂಡಬಿದ್ರೆ ಅಮ್ಮ:
ನಮಸ್ತೆ. ನಾನು ಹ್ಯಾಮ್ ಅಲ್ಲ, ಸುಮ್ನೆ ಓದುತ್ತಿದ್ದೆ. ನನ್ನ ಮಗಳು ಎಂಟನೇ ಕ್ಲಾಸು. ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ರೇಡಿಯೋದಲ್ಲಿ ಮಕ್ಕಳ ಜೊತೆ ಮಾತಾಡಿದ್ದು ನೋಡಿದಾಗಿನಿಂದ ಒಂದೇ ಹಟ. ಇಷ್ಟು ಸಣ್ಣವರಿಗೆ ಲೈಸೆನ್ಸ್ ಕೊಡುತ್ತಾರಾ? ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾ?

ಪುತ್ತೂರು ಪವರ್ ಸಪ್ಲೈ:
12 ವರ್ಷ ತುಂಬಿದ್ದರೆ ಸಾಕು ಮೇಡಂ. ಮೊದಲು ರಿಸ್ಟ್ರಿಕ್ಟೆಡ್ ಗ್ರೇಡ್ ಬರೆಯಲಿ. ಅದಕ್ಕೆ ಮೋರ್ಸ್ ಇಲ್ಲ. ಎರಡು ಭಾಗ, ರೇಡಿಯೋ ಥಿಯರಿ ಒಂದು, ನಿಯಮಗಳು ಒಂದು. ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ. ಪರೀಕ್ಷಾ ಕೇಂದ್ರಗಳ ಪಟ್ಟಿಯಲ್ಲಿ ಮಂಗಳೂರು ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಲೈಸೆನ್ಸ್ ಕೈಗೆ ಬರಲು ತಾಳ್ಮೆ ಬೇಕು, ಅಷ್ಟೇ. ಅಲ್ಲಿಯವರೆಗೆ ಕೇಳಲಿ. ಕೇಳಿ ಕೇಳಿಯೇ ಅರ್ಧ ವಿದ್ಯೆ ಬರುವುದು.

ಹಳೇ ಕೀ:
ಮಗಳಿಗೆ ಇನ್ನೊಂದು ಹೇಳಿ ಅಮ್ಮ. ಭಾರತದ ಮೊದಲ ಉಪಗ್ರಹ ಆರ್ಯಭಟ ಮಾಡಿಸಿದ ಯು. ಆರ್. ರಾವ್ ಹುಟ್ಟಿದ್ದು ನಮ್ಮ ಉಡುಪಿ ಪಕ್ಕದ ಅದಮಾರಿನಲ್ಲಿ. ಶುಕ್ಲಾ ಅವರು ಹ್ಯಾಮ್‌ನಲ್ಲಿ ಮಾತಾಡಿದ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿ ಅವರ ಹೆಸರಿನಲ್ಲೇ ಇರುವ ಉಪಗ್ರಹ ಕೇಂದ್ರ. ಇನ್ನು ಇಸ್ರೋದವರೇ ಹ್ಯಾಮ್‌ಗಳಿಗೆ ಅಂತ ಒಂದು ಉಪಗ್ರಹ ಮಾಡಿ 2005ರ ಮೇ 5ರಂದು ಹಾರಿಸಿದ್ದರು. ಹ್ಯಾಮ್‌ಸ್ಯಾಟ್. 2014ರವರೆಗೆ ದುಡಿಯಿತು. ಬ್ಯಾಟರಿ ಹೋಗಿ ನಿಂತಿತು.

ಮಣಿಪಾಲ ಎಫ್‌ಟಿ8:
ಕೇಳಲು ರೇಡಿಯೋ ಕೊಳ್ಳುವುದೂ ಬೇಡ. ಒಂದು ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರನ್ನೇ ರೇಡಿಯೋ ಮಾಡುವ ಯುಎಸ್‌ಬಿ ಕಡ್ಡಿ) ಮತ್ತು ಹಳೇ ಟಿವಿ ಡಿಶ್ ಇದ್ದರೆ ಕ್ಯೂಒ-100 ಕೇಳಬಹುದು. 25.9 ಡಿಗ್ರಿ ಪೂರ್ವದಲ್ಲಿ ನಿಂತ ಕತಾರಿನ ಉಪಗ್ರಹ. ನಮ್ಮ ಊರಿನಿಂದ ಕಡಲ ಕಡೆ ಮುಖ ಮಾಡಿ, ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ, ನೆಲದಿಂದ ಸುಮಾರು 32 ಡಿಗ್ರಿ ಮೇಲಕ್ಕೆ. ತೆಂಗಿನ ಗರಿ ಅಡ್ಡ ಬರದ ಜಾಗ ನೋಡಿ. 10 ಗಿಗಾಹರ್ಟ್ಸ್ ಆದ್ದರಿಂದ ಜೋರು ಮಳೆಗೆ ಮಾಯ. ಯುರೋಪ್, ಆಫ್ರಿಕಾದವರು ಇಪ್ಪತ್ತನಾಲ್ಕು ಗಂಟೆಯೂ ಮಾತಾಡುತ್ತಿರುತ್ತಾರೆ. ಮಾತು ಸರ್, ಬಗ್ ಸರ್, ಮಾತು. ಎಫ್‌ಟಿ8 ಅಲ್ಲ.

ಬಜಪೆ ಬಗ್:
ಆಯ್ತು ಮಾರಾಯ, ನಿನಗೆ ಒಂದು ಗೋಳಿಬಜೆ ಬಾಕಿ.

ಮೂಡಬಿದ್ರೆ ಅಮ್ಮ:
ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಹಳೇ ಡಿಶ್ ಉಂಟು, ಅದರಲ್ಲಿ ಈಗ ಅತ್ತೆ ಹಪ್ಪಳ ಒಣಗಿಸುತ್ತಾರೆ.

ಕಟಪಾಡಿ ಡೈಪೋಲ್:
ಮೇನ್ ಇಳಿಸಿದೆ. ಇನ್ವರ್ಟರ್ ಆಫ್. ಮನೆ ಇಡೀ ಕತ್ತಲೆ. ಗುಂಯ್ ಹಾಗೇ ಉಂಟು. ಎಸ್ 9. ಒಂದು ಗೆರೆಯೂ ಇಳಿಯಲಿಲ್ಲ. ಅಂದರೆ ಹೊರಗಿನದು. ಕರೆಂಟ್ ಲೈನಿನ ಇನ್ಸುಲೇಟರ್ ಇರಬಹುದಾ? ಕಡಲ ಗಾಳಿಯ ಉಪ್ಪು ಕೂತು ಕಿಡಿ ಹಾರುತ್ತದೆ ಅಂತ ಕೇಳಿದ್ದೇನೆ.

ಪುತ್ತೂರು ಪವರ್ ಸಪ್ಲೈ:
ಇನ್ಸುಲೇಟರ್ ಆದರೆ ಗಡಿಯಾರ ನೋಡಿ ಬರುವುದಿಲ್ಲ. ಅದಕ್ಕೆ ಹವೆ ಮುಖ್ಯ. ಕೆಲವು ದಿನ ಮಳೆ ಇಲ್ಲದೆ ಉಪ್ಪು ಧೂಳು ಕೂತು, ಮೇಲೆ ಇಬ್ಬನಿ ಬಿದ್ದರೆ ಚರಚರ ಅನ್ನುತ್ತದೆ. ಒಂದು ಜೋರು ಮಳೆ ಬಂದು ತೊಳೆದರೆ ನಿಲ್ಲುತ್ತದೆ. ಸದ್ದೂ ಒರಟು. ನಿಮ್ಮದು ದಿನಾ ಆರೂವರೆಗೆ, ಮಳೆ ಬಂದರೂ ಬಾರದಿದ್ದರೂ. ಅದಕ್ಕೆ ಕತ್ತಲೆ ಕಂಡರೆ ಸಾಕು. ಬೀದಿ ದೀಪ, ಅಂಗಳದ ದೀಪ, ಸೆನ್ಸರ್ ಇರುವ ಏನೋ ಒಂದು. ಎಲ್‌ಇಡಿ ದೀಪದ ಒಳಗಿನ ಡ್ರೈವರ್ ಅಗ್ಗದ್ದಾದರೆ ಫಿಲ್ಟರ್ ಹಾಕಿಯೇ ಇರುವುದಿಲ್ಲ. ದೀಪಕ್ಕೆ ಹೋಗುವ ವಯರೇ ಆಂಟೆನಾ ಆಗುತ್ತದೆ.

ಹಳೇ ಕೀ:
ಹುಡುಕಲು ದೊಡ್ಡ ಉಪಕರಣ ಬೇಡ. ಮೀಡಿಯಂ ವೇವ್ ಇರುವ ಹಳೇ ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಆಕಾಶವಾಣಿಯ 1089 ಕಿಲೋಹರ್ಟ್ಸ್ ಬಿಟ್ಟು ಯಾವುದೂ ಇಲ್ಲದ ಜಾಗಕ್ಕೆ ತಿರುಗಿಸಿ. ಕೈಯಲ್ಲಿ ಹಿಡಿದು ಮೆಲ್ಲ ಸುತ್ತು ಹೊಡೆಯಿರಿ. ಒಂದು ಕಡೆಗೆ ಗದ್ದಲ ಪೂರ್ತಿ ಇಳಿಯುತ್ತದೆ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿ ಉದ್ದುದ್ದ ಮಲಗಿರುತ್ತದಲ್ಲ, ಆ ಕಡ್ಡಿಯ ತುದಿ ಆಗ ಕಳ್ಳನ ಕಡೆ ಬೆರಳು ತೋರಿಸುತ್ತಿರುತ್ತದೆ. ಎರಡು ತುದಿ ಇದೆ, ಯಾವ ತುದಿ ಅಂತ ತಿಳಿಯಲು ಬೇರೆ ಜಾಗಕ್ಕೆ ಹೋಗಿ ಇನ್ನೊಮ್ಮೆ ನೋಡಿ. ಎರಡು ಗೆರೆ ಕೂಡುವಲ್ಲಿ ಕಳ್ಳ.

ಲೈನಿನ ಅಡಿಯಲ್ಲಿ ನಡೆಯುವಾಗ ಮಾತ್ರ ನಂಬಬೇಡಿ. ಗದ್ದಲ ತಂತಿ ಹಿಡಿದು ಓಡುತ್ತದೆ, ಎಲ್ಲ ಕಂಬವೂ ಕಳ್ಳನೇ ಅನಿಸುತ್ತದೆ.

ಉಳ್ಳಾಲದಕ್ಕ:
ಸಿಕ್ಕಿದ ಮೇಲೆ ನೇರ ಹೋಗಿ ನಿಮ್ಮ ದೀಪ ಸರಿ ಇಲ್ಲ ಅನ್ನಬೇಡಿ. ನಮ್ಮ ಹತ್ತಿರದ ಒಬ್ಬರು ಹಾಗೆ ಮಾಡಿದ್ದರು. ಅಲ್ಲಿಂದ ಆ ಮನೆಯವರಿಗೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ, ಟಿವಿ ನಿಂತರೂ, ಕೋಳಿ ಮೊಟ್ಟೆ ಇಡದಿದ್ದರೂ ಕಾರಣ ಒಂದೇ, ಪಕ್ಕದ ಮನೆಯ ಏರಿಯಲ್. ಮೊದಲು ಕರೆದು ರೇಡಿಯೋ ಕೇಳಿಸಿ. ಚಾ ಕೊಡಿ. ಮತ್ತೆ ಹೇಳಿ.

ಬಿಜೈ ಬಾಲನ್:
ಎಲ್ಲರೂ ಕಟಪಾಡಿಯ ಗುಂಯ್ ಹಿಂದೆ ಬಿದ್ದಿದ್ದೀರಿ. ನನ್ನ ಪ್ರಶ್ನೆಗೆ ಉತ್ತರ ಎಲ್ಲಿ?

ಉಳ್ಳಾಲದಕ್ಕ:
ಬಾಲನ್ ಅವರೇ, ನಿಮ್ಮ ಕಷ್ಟ ನಿಜ. ಆದರೆ ನೆಟ್ ಯಾಕೆ ಇಟ್ಟದ್ದು ಅಂತ ನೋಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಕಡೆ ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಮುಗಿದು ಫೋನೂ ಹೋಯಿತು. ಕಡಲು ರಸ್ತೆಗೆ ಬಂದಿತ್ತು. ಆವತ್ತು ನಿಮ್ಮ ಆಪ್ ಎಂತ ಮಾಡುತ್ತಿತ್ತು?

2004ರ ಡಿಸೆಂಬರ್ ಇನ್ನೂ ದೊಡ್ಡದು. ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿಗೆ ಹೋದದ್ದು ಡಿಎಕ್ಸ್ (ದೂರ ದೇಶದವರ ಜೊತೆ ಸಂಪರ್ಕ) ಮಾಡಲು. ಜಗತ್ತಿನವರೆಲ್ಲ ವಿಯು4 (ಅಂಡಮಾನಿನ ಕರೆಸಂಕೇತ) ಬೇಕು ಅಂತ ಕಾಯುತ್ತಿದ್ದರು. 26ರ ಬೆಳಿಗ್ಗೆ ಭೂಕಂಪ, ಸುನಾಮಿ. ಪೋರ್ಟ್ ಬ್ಲೇರಿನ ಫೋನ್ ಹೋಯಿತು. ಅದೇ ರೇಡಿಯೋದಲ್ಲಿ ಅವರು ಬದುಕಿದವರ ಸುದ್ದಿ ಮೇನ್‌ಲ್ಯಾಂಡಿಗೆ ಕಳಿಸಲು ಕೂತರು. ದಿನಾ ಮಾತಾಡಿ ಅಭ್ಯಾಸ ಇದ್ದವರಿಗೆ ಮಾತ್ರ ಅದು ಸಾಧ್ಯ.

ಬಿಜೈ ಬಾಲನ್:
ಅಕ್ಕ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಾವು ದಿನಾ ನೆಟ್‌ನಲ್ಲಿ ಮಾತಾಡುವುದು ಸುನಾಮಿ ಬಗ್ಗೆ ಅಲ್ಲ. ನಿಮ್ಮ ಸಿಗ್ನಲ್ 59 (ಜೋರಾಗಿ, ಸ್ಪಷ್ಟವಾಗಿ ಉಂಟು), ನನ್ನ ಸಿಗ್ನಲ್ 59, ಇವತ್ತು ಸೆಕೆ ಜಾಸ್ತಿ, 73 (ಶುಭಾಶಯ). ಅಷ್ಟಕ್ಕೆ ಆಪ್ ಸಾಕಾಗುತ್ತದೆ. ವಿಪತ್ತಿಗೆ ತಯಾರಿ ಅಂದರೆ ಬೇರೆ ಇರುತ್ತದೆ. ಯಾರ ಮನೆಯಲ್ಲಿ ಬ್ಯಾಟರಿ ಚಾರ್ಜ್ ಉಂಟು, ಯಾರು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕೂರುತ್ತಾರೆ, ಯಾರು ಬೈಕಿನಲ್ಲಿ ಮಲ್ಪೆಗೆ ಹೋಗುತ್ತಾರೆ. ಇದರ ಪಟ್ಟಿ ನಮ್ಮ ಹತ್ತಿರ ಉಂಟಾ?

ಹಳೇ ಕೀ:
ಇಲ್ಲ. ಇರಬೇಕಿತ್ತು. ಬಾಲನ್ ಹೇಳಿದ್ದು ಸರಿ.

ಬಜಪೆ ಬಗ್:
ಸರಿ ಇರಬಹುದು, ಆದರೆ ಪಟ್ಟಿಯಲ್ಲಿ ಹೆಸರು ಇದ್ದವನಿಗೆ 40 ಮೀಟರ್ ಎಲ್ಲಿ ಹಿಡಿಯಬೇಕು ಅಂತಲೂ ಗೊತ್ತಿರಬೇಕಲ್ವಾ? 59, ಸೆಕೆ, 73 ಅಂತ ದಿನಾ ಹೇಳುವವನಿಗೆ ಅದು ಗೊತ್ತಿರುತ್ತದೆ. ಆಪ್‌ನವನಿಗೆ ಇರುವುದಿಲ್ಲ.

ಮಲ್ಪೆ ಮಾರ್ಕೊನಿ:
ಫ್ಲ್ಯಾಟಿನವರಿಗೆ ಮ್ಯಾಗ್ನೆಟಿಕ್ ಲೂಪ್ ನೋಡಬಹುದಲ್ಲ? ಒಂದು ಮೀಟರ್ ಅಗಲದ ತಾಮ್ರದ ಬಳೆ, ಬಾಲ್ಕನಿಯಲ್ಲಿ ನಿಲ್ಲುತ್ತದೆ. ಮನೆಯ ಒಳಗಿನ ಗದ್ದಲವೂ ಅದರಲ್ಲಿ ಕಡಿಮೆ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಅಂತ ಹೇಳಿ.

ಪುತ್ತೂರು ಪವರ್ ಸಪ್ಲೈ:
ಲೂಪ್ ಚೆನ್ನಾಗಿಯೇ ಕೇಳುತ್ತದೆ, ಆದರೆ 40ರಲ್ಲಿ ಅಷ್ಟು ಸಣ್ಣ ಬಳೆಯಿಂದ ಹೊರಗೆ ಹೋಗುವುದು ಸ್ವಲ್ಪವೇ. ಮತ್ತೆ ಅದರ ಕೆಪ್ಯಾಸಿಟರ್ ಮೇಲೆ ಕೈ ಇಡಬೇಡಿ. ಕೆಲವೇ ವಾಟ್ ಕೊಟ್ಟರೂ ಅಲ್ಲಿ ವೋಲ್ಟೇಜ್ ನೂರಾರು ಇರುತ್ತದೆ. ಬಾಲನ್ ಅವರೇ, ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ. ಪ್ರಯೋಗಕ್ಕೆ ಕೊಡುತ್ತೇನೆ, ಪುತ್ತೂರಿಗೆ ಬನ್ನಿ.

ಬಿಜೈ ಬಾಲನ್:
ಬರುತ್ತೇನೆ. ತುಳಸಿ ಒಣಗಿದರೆ ಜವಾಬ್ದಾರಿ ನಿಮ್ಮದು.

ಕಟಪಾಡಿ ಡೈಪೋಲ್:
ಕಳ್ಳ ಸಿಕ್ಕಿದ!

ಅಪ್ಪನ ಕಾಲದ ಟ್ರಾನ್ಸಿಸ್ಟರ್ ಹಿಡಿದು ಗದ್ದೆಯ ಬದುವಿನಲ್ಲಿ ಸುತ್ತು ಹೊಡೆದೆ. ಎದುರು ಸಿಕ್ಕಿದವರೆಲ್ಲ ಕ್ರಿಕೆಟ್ ಸ್ಕೋರ್ ಕೇಳಿದರು. ಮನೆ ಹಿಂದೆ ನಿಂತಾಗ ಕಡ್ಡಿಯ ತುದಿ ತೋಟದ ಕಡೆ ತೋರಿಸಿತು. ದೈವಸ್ಥಾನದ ದಾರಿಗೆ ಹೋಗಿ ನೋಡಿದರೆ ಇನ್ನೊಂದು ದಿಕ್ಕು. ಎರಡೂ ಕೂಡಿದ್ದು ಪಕ್ಕದ ಮನೆಯ ಅಂಗಳದಲ್ಲಿ. ಅಲ್ಲಿ ಅಡಿಕೆ ಒಣಗಿಸಲು ಹಾಕಿದ್ದಾರೆ, ಕಾವಲಿಗೆ ಅಂತ ಎರಡು ಎಲ್‌ಇಡಿ ಫ್ಲಡ್ ಲೈಟ್, ಕತ್ತಲಾದರೆ ತಾನೇ ಹತ್ತುವಂಥದ್ದು. ಹತ್ತಿರ ಹೋದ ಹಾಗೆ ಟ್ರಾನ್ಸಿಸ್ಟರ್ ಕಿರುಚಿತು.

ಅಕ್ಕ ಹೇಳಿದ ಹಾಗೆ ಆ ಮನೆಯ ಅಣ್ಣನನ್ನು ನಮ್ಮ ಮನೆಗೆ ಕರೆದೆ. ರೇಡಿಯೋ ಕೇಳಿಸಿದೆ. ಅವರ ಮಗನಿಗೆ ಫೋನ್ ಮಾಡಿ ಲೈಟ್ ಆಫ್ ಮಾಡಿಸಿದರು. ಗುಂಯ್ ಟಕ್ ಅಂತ ನಿಂತು, ಎಸ್ 9ರಿಂದ 4ಕ್ಕೆ ಇಳಿದು, ಮಡಿಕೇರಿಯ ಸ್ಟೇಷನ್ ಒಂದು ಮಾತಾಡುತ್ತಾ ಇದ್ದದ್ದು ಕೇಳಿತು. ಅಣ್ಣ ಅದನ್ನು ಕೇಳಿ, ಇಷ್ಟು ಹೊತ್ತೂ ಇವರು ಇಲ್ಲೇ ಇದ್ದರಾ ಅಂತ ಕೇಳಿದರು. ಆದರೆ ಲೈಟ್ ಬೇಕೇ ಬೇಕು ಅಂದರು. ಅಡಿಕೆಯ ರೇಟ್ ಹಾಗಿದೆ, ನ್ಯಾಯವೇ. ಈಗ ಲೈಟಿನ ವಯರಿಗೆ ಗದ್ದಲ ತಡೆಯುವ ಫೆರೈಟ್ ಹಾಕಿದರೆ ಆಗುತ್ತದಾ?

ಪುತ್ತೂರು ಪವರ್ ಸಪ್ಲೈ:
ವಯರಿಗೆ ಒಂದು ಕ್ಲಿಪ್ ಸಿಕ್ಕಿಸಿದರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಆಗುವುದಿಲ್ಲ. ದೊಡ್ಡ ರಿಂಗ್ ತೆಗೆದುಕೊಂಡು ಆರೆಂಟು ಸುತ್ತು ಸುತ್ತಬೇಕು, ಮಿಕ್ಸ್ 31 ಅನ್ನುವ ಬಗೆಯ ಫೆರೈಟ್ ಸಿಕ್ಕಿದರೆ ಒಳ್ಳೆಯದು. ದೀಪದ ಬುಡದಲ್ಲೇ ಸುತ್ತಿ, ಸ್ವಿಚ್ಚಿನ ಹತ್ತಿರ ಅಲ್ಲ. ಅದಕ್ಕಿಂತ ಸುಲಭ, ಬೇರೆ ಫ್ಲಡ್ ಲೈಟ್ ಕೊಂಡು ಅವರಿಗೆ ಉಡುಗೊರೆ ಕೊಡುವುದು. ಅಂಗಡಿಯಲ್ಲಿ ಹಚ್ಚಿಸಿ ಟ್ರಾನ್ಸಿಸ್ಟರ್ ಹತ್ತಿರ ಹಿಡಿದು ನೋಡಿ ಆರಿಸಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸುರತ್ಕಲ್ ಸ್ಕಿಪ್:
ಸೂರ್ಯ ನಿರ್ದೋಷಿ ಅಂತಾಯಿತು. ಪಾಪ.

ಬೆಳ್ಮಣ್ಣು ಬ್ಯಾಟರಿ:
ಹಾಗಾದರೆ ನನ್ನದು? ನಮ್ಮ ಪಕ್ಕ ಅಡಿಕೆಯೂ ಇಲ್ಲ, ಲೈಟೂ ಇಲ್ಲ. ಮೇನ್ ಇಳಿಸಿ ನೋಡಿದೆ, ಹೋಗಲಿಲ್ಲ. ನಿನ್ನೆ ಮಳೆ ಬಂದಾಗ ಮಾತ್ರ ಪೂರ್ತಿ ನಿಂತಿತ್ತು.

ಹಳೇ ಕೀ:
ನಿಮ್ಮದೇ ಇನ್ಸುಲೇಟರ್. ಕಂಬ ಯಾವುದು ಅಂತ ಹುಡುಕಿ ನಂಬರ್ ಸಮೇತ ಲೈನ್‌ಮ್ಯಾನ್‌ಗೆ ಕೊಡಬೇಕು. ಸುಮ್ನೆ ರೇಡಿಯೋದಲ್ಲಿ ಗದ್ದಲ ಅಂದರೆ ಯಾರೂ ಬರುವುದಿಲ್ಲ, ಕಂಬದಲ್ಲಿ ಕಿಡಿ ಅಂದರೆ ಬರುತ್ತಾರೆ. ದಯವಿಟ್ಟು ಕಂಬಕ್ಕೆ ಕೋಲಿನಿಂದ ಬಡಿದು ನೋಡಬೇಡಿ, ಹಿಂದೆ ಒಬ್ಬರು ಮಾಡಿದ್ದರು.

ಕಟಪಾಡಿ ಡೈಪೋಲ್:
ಈ ಭಾನುವಾರ ಎಲ್ಲ ಬೆಳ್ಮಣ್ಣಿಗೆ ಹೋಗುವುದಾ? ಬಾಲನ್ ಅವರೂ ಬರಲಿ, ಆ ಪಟ್ಟಿಯನ್ನೂ ಅಲ್ಲೇ ಕೂತು ಬರೆಯೋಣ. ಆಪ್ ವಿಷಯ ಮುಂದಿನ ಮೀಟಿಂಗಿಗೆ ಇಡೋಣ. ಅಲ್ಲಿಯವರೆಗೆ ಸಂಜೆ ಎಂಟಕ್ಕೆ ನೆಟ್ ಎಂದಿನ ಹಾಗೆ 40ರಲ್ಲಿ.

ಬಿಜೈ ಬಾಲನ್:
ಬರುತ್ತೇನೆ. ಆಪ್ ಬೇಕು ಅನ್ನುವುದನ್ನು ಬಿಟ್ಟಿಲ್ಲ, ನೆನಪಿರಲಿ.

ಬೆಳ್ಮಣ್ಣು ಬ್ಯಾಟರಿ:
ಬನ್ನಿ ಬನ್ನಿ. ನೀರುದೋಸೆ ಮಾಡಿಸುತ್ತೇನೆ. ಟ್ರಾನ್ಸಿಸ್ಟರ್ ನೀವೇ ತನ್ನಿ, ನಮ್ಮಲ್ಲಿ ಇದ್ದದ್ದನ್ನು ಗುಜರಿಗೆ ಕೊಟ್ಟಾಗಿದೆ.